ಹಾಕಿ ಸ್ಟಿಕ್ಕಿನ ಬಣ್ಣ ತೆಗೆಯುವುದು ಹೇಗೆ?

ಕಾಸರಗೋಡಿನವರಾದ ನಮಗೆ ಕಬಡ್ಡಿ ಗೊತ್ತು, ಫುಟ್ಬಾಲ್ ಗೊತ್ತು. ಹಾಕಿ ಅಂದರೆ ಪಾಣತ್ತೂರು ದಾಟಿ ಕೊಡಗಿಗೆ ಹೋದರೆ ಸಿಗುವ ಆಟ ಅಂತ ಅನ್ನಿಸುವುದು ಸಹಜ. ಕೊಡಗಿನ ಕರಡ ಗ್ರಾಮದಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯ ಶುರು ಮಾಡಿದರು. ಆದರೆ ಕೇರಳಕ್ಕೂ ಹಾಕಿ ಹೊಸತಲ್ಲ. 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ಭಾರತ ತಂಡದ ಗೋಲ್‌ಕೀಪರ್ ಮ್ಯಾನುಯಲ್ ಫ್ರೆಡರಿಕ್ ನಮ್ಮ ಪಕ್ಕದ ಕಣ್ಣೂರಿನವರು. 2021ರಲ್ಲಿ ಟೋಕಿಯೊದಲ್ಲಿ, 2024ರಲ್ಲಿ ಪ್ಯಾರಿಸ್‌ನಲ್ಲಿ ಕಂಚು ಗೆದ್ದ ತಂಡಗಳ ಗೋಲ್‌ಕೀಪರ್ ಪಿ.ಆರ್. ಶ್ರೀಜೇಶ್ ಕೂಡ ಕೇರಳದವರೇ.

ಇಂಥವರನ್ನು ನೋಡಿ ಮಕ್ಕಳಿಗೂ ಸ್ಟಿಕ್ಕು ಹಿಡಿಯುವ ಆಸೆ ಹುಟ್ಟುತ್ತದೆ. ಹೊಸ, ಒಳ್ಳೆಯ ಸ್ಟಿಕ್ಕಿಗೆ ಸಾವಿರಾರು ರೂಪಾಯಿ ಬೇಕು. ಹಾಗಾಗಿ ಹಳೆಯ ಸ್ಟಿಕ್ಕುಗಳು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬರುತ್ತವೆ. ಅದರ ಮೇಲೆ ಕಂಪೆನಿಯ ದೊಡ್ಡ ಹೆಸರು, ಚಿತ್ರ, ಹಿಂದೆ ಆಡಿದವನ ಹೆಸರು ಎಲ್ಲಾ ಇರುತ್ತದೆ. ಬಣ್ಣ ಅಲ್ಲಲ್ಲಿ ಎದ್ದಿರುತ್ತದೆ. "ಇದನ್ನೆಲ್ಲ ಕೆರೆದು ತೆಗೆದು ನಮ್ಮ ಕ್ಲಬ್ಬಿನ ಬಣ್ಣ ಹಚ್ಚೋಣ" ಅಂತ ಹುಡುಗರು ಹೊರಡುತ್ತಾರೆ. ಕೈಗೆ ಸಿಕ್ಕಿದ ಕತ್ತಿಯೋ, ಗಾಜಿನ ಚೂರೋ ತೆಗೆದುಕೊಳ್ಳುತ್ತಾರೆ.

ಸ್ವಲ್ಪ ನಿಲ್ಲಿ. ಮೊದಲು ಆ ಸ್ಟಿಕ್ಕು ಯಾವುದರಿಂದ ಮಾಡಿದ್ದು ಅಂತ ತಿಳಿಯೋಣ.

ಮರದ ಸ್ಟಿಕ್ಕು ಬೇರೆ, ಕಾಂಪೊಸಿಟ್ ಸ್ಟಿಕ್ಕು ಬೇರೆ

ಹಿಂದೆ ಹಾಕಿ ಸ್ಟಿಕ್ಕನ್ನು ಮರದಿಂದ ಮಾಡುತ್ತಿದ್ದರು. ಕೆಳಗಿನ ಬಾಗಿದ ಭಾಗಕ್ಕೆ ಹೆಚ್ಚಾಗಿ ಹಿಪ್ಪುನೇರಳೆ ಮರ. ಪಂಜಾಬಿನ ಜಲಂಧರ್ ಈ ಕೆಲಸಕ್ಕೆ ಹೆಸರಾದ ಊರು. ಈಗ ದೊಡ್ಡ ಪಂದ್ಯಗಳಲ್ಲಿ ಕಾಣುವುದು ಹೆಚ್ಚಾಗಿ ಕಾಂಪೊಸಿಟ್ ಸ್ಟಿಕ್ಕು. ಕಾಂಪೊಸಿಟ್ ಅಂದರೆ ಎರಡು ಮೂರು ವಸ್ತು ಸೇರಿಸಿ ಮಾಡಿದ್ದು. ಕಾರ್ಬನ್ನಿನ ಅಥವಾ ಗಾಜಿನ ಬಹಳ ಸಪೂರ ಎಳೆಗಳ ಬಟ್ಟೆಯನ್ನು ಪದರ ಪದರವಾಗಿ ಇಟ್ಟು, ಎಪಾಕ್ಸಿ ಎಂಬ ಅಂಟಿನಲ್ಲಿ ಗಟ್ಟಿ ಮಾಡುತ್ತಾರೆ. ಒಳಗೆ ಹೆಚ್ಚಾಗಿ ಪೊಳ್ಳು.

ತೆಂಗಿನ ನಾರಿನ ಹಗ್ಗ ನೆನಪು ಮಾಡಿಕೊಳ್ಳಿ. ಹಗ್ಗಕ್ಕೆ ಬಲ ಬರುವುದು ನಾರಿನ ಎಳೆಗಳಿಂದ. ನಾಲ್ಕು ಎಳೆ ಕತ್ತರಿಸಿದರೂ ಹಗ್ಗ ಹಗ್ಗದ ಹಾಗೇ ಕಾಣುತ್ತದೆ, ಆದರೆ ಕೊಡ ಬಾವಿಗೆ ಬಿದ್ದಾಗಲೇ ಗೊತ್ತಾಗುವುದು. ಕಾಂಪೊಸಿಟ್ ಸ್ಟಿಕ್ಕೂ ಹಾಗೆಯೇ. ಎಳೆ ಕೊಡುವುದು ಬಲ, ಅಂಟು ಕೊಡುವುದು ಹಿಡಿತ. ಬಣ್ಣ ಇವೆರಡರ ಮೇಲಿನ ತೆಳು ಚರ್ಮ ಅಷ್ಟೇ. ಹೆಚ್ಚಾಗಿ ಒಂದು ಪೋಸ್ಟ್ ಕಾರ್ಡಿನಷ್ಟೂ ದಪ್ಪ ಇರುವುದಿಲ್ಲ. ಚರ್ಮ ತೆಗೆಯಲು ಹೋಗಿ ಮೈಗೆ ಗಾಯ ಮಾಡಿದರೆ ಆಟದ ನಡುವೆ ಸ್ಟಿಕ್ಕು ಮುರಿಯಬಹುದು. ಮುರಿದ ತುಂಡು ಹಾರಿ ಪಕ್ಕದಲ್ಲಿರುವ ಮಗುವಿನ ಕಣ್ಣಿಗೆ ತಾಗಬಹುದು.

ಆದ್ದರಿಂದ ಈ ಕೆಲಸದ ಗುಟ್ಟು ಒಂದೇ: ಎಲ್ಲಿ ನಿಲ್ಲಿಸಬೇಕು ಅಂತ ತಿಳಿದಿರುವುದು.

ನಿಜವಾಗಿ ತೆಗೆಯಬೇಕಾ?

ಕ್ಲಬ್ಬಿನ ಹೆಸರು ಬರೆಯುವುದು ಮಾತ್ರ ನಿಮ್ಮ ಉದ್ದೇಶವಾದರೆ ಬಣ್ಣ ಪೂರ್ತಿ ತೆಗೆಯಬೇಕಾಗಿಲ್ಲ. ಮೇಲಿನ ಹೊಳಪು ಹೋಗುವಷ್ಟು ಮೆಲ್ಲನೆ ಉಜ್ಜಿದರೆ ಸಾಕು, ಹೊಸ ಬಣ್ಣ ಅದರ ಮೇಲೆ ಹಿಡಿಯುತ್ತದೆ. ಹಳೆ ಬಣ್ಣ ಹೊಪ್ಪಳಿಕೆ ಎದ್ದಿದ್ದರೆ, ಅಥವಾ ಕೆಳಗೆ ಬಿರುಕು ಇದೆಯೇ ಅಂತ ನೋಡಬೇಕಾದರೆ ಮಾತ್ರ ಪೂರ್ತಿ ತೆಗೆಯುವ ಯೋಚನೆ ಮಾಡಿ.

ಇನ್ನೊಂದು ಮಾತು. ಚಿತ್ರದ ನಡುವೆ ಉಪಯೋಗದ ವಿಷಯಗಳೂ ಬರೆದಿರುತ್ತವೆ. ಸ್ಟಿಕ್ಕಿನ ಉದ್ದ ಎಷ್ಟು ಇಂಚು, ಕಾರ್ಬನ್ ಶೇಕಡಾ ಎಷ್ಟು ಅಂತ ಹಲವು ಸ್ಟಿಕ್ಕುಗಳಲ್ಲಿ ಇರುತ್ತದೆ. ಒಮ್ಮೆ ಉಜ್ಜಿದರೆ ಆ ಅಕ್ಷರ ಮತ್ತೆ ಬರುವುದಿಲ್ಲ. ಮೊದಲು ಅದನ್ನು ನಿಮ್ಮ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.

ನಾಣ್ಯದಿಂದ ತಟ್ಟಿ ನೋಡಿ

ಒಂದು ರೂಪಾಯಿ ನಾಣ್ಯದಿಂದ ಸ್ಟಿಕ್ಕಿನ ಉದ್ದಕ್ಕೂ ಮೆಲ್ಲನೆ ತಟ್ಟುತ್ತಾ ಬನ್ನಿ. ಗಟ್ಟಿ ಇರುವಲ್ಲಿ ಟಣ್ ಅಂತ ಸ್ಪಷ್ಟ ಶಬ್ದ ಬರುತ್ತದೆ. ಪದರ ಬಿಟ್ಟಿರುವಲ್ಲಿ ದಬ್ ಅಂತ ಮಂದ ಶಬ್ದ ಬರುತ್ತದೆ. ಹಲಸಿನ ಹಣ್ಣು ಆಗಿದೆಯಾ ಅಂತ ತಟ್ಟಿ ನೋಡುವ ನಮ್ಮವರಿಗೆ ಇದು ಕಷ್ಟವಲ್ಲ. ತಟ್ಟುತ್ತಾ ಹೋದಾಗ ಒಂದೇ ಕಡೆ ಶಬ್ದ ಬದಲಾದರೆ ಆ ಸ್ಟಿಕ್ಕು ಆಟಕ್ಕೆ ಬೇಡ. ಅದಕ್ಕೆ ಬಣ್ಣ ಹಚ್ಚಿ ಚಂದ ಮಾಡಿ ಮಗುವಿನ ಕೈಗೆ ಕೊಡುವುದು ದೊಡ್ಡ ತಪ್ಪು.

ಬೇಕಾದ ಸಾಮಾನು

ವಾಟರ್ ಪೇಪರ್, ಅಂದರೆ ನೀರಿನಲ್ಲಿ ನೆನೆಸಿ ಉಜ್ಜುವ ಕಪ್ಪು ಮರಳು ಕಾಗದ. 320, 400, 600 ನಂಬರಿನದ್ದು ಒಂದೊಂದು. ಒಂದು ಬಕೆಟ್ ನೀರು. ಸಾಬೂನು. ಹಳೆ ಬಟ್ಟೆ. ಸ್ವಲ್ಪ ತೆಂಗಿನ ಎಣ್ಣೆ. ಹಳೆ ರಬ್ಬರ್ ಚಪ್ಪಲಿಯ ಒಂದು ತುಂಡು. ಕೈಗವಸು. ಕೊರೋನಾ ಕಾಲದಲ್ಲಿ ಹಾಕಿದ ಎನ್-95 ಮಾಸ್ಕ್. ಬರೇ ಟವೆಲ್ ಕಟ್ಟಿಕೊಂಡರೆ ಸಣ್ಣ ಧೂಳು ನಿಲ್ಲುವುದಿಲ್ಲ.

ಕಾಗದ ಕೊಳ್ಳುವಾಗ ಹಿಂಬದಿಯ ನಂಬರ್ ನೀವೇ ಓದಿ. ನಂಬರ್ ಹೆಚ್ಚಾದಷ್ಟು ಕಾಗದ ನಯ, ಕಡಿಮೆಯಾದಷ್ಟು ಒರಟು. ಅಂಗಡಿಯವರು ಕೈತಪ್ಪಿ 80 ನಂಬರ್ ಕೊಟ್ಟರೆ, ಅದು ಬಣ್ಣವನ್ನೂ ತೆಗೆಯುತ್ತದೆ, ಎಳೆಯನ್ನೂ ಕಡಿಯುತ್ತದೆ.

ಕೆಲಸದ ಕ್ರಮ

1. ಹಿಡಿಯ ಭಾಗದ ಮೇಲೆ ಪ್ಲಾಸ್ಟಿಕ್ ಸುತ್ತಿ ಟೇಪು ಹಾಕಿ, ಒದ್ದೆಯಾಗುವುದು ಬೇಡ. ಉಳಿದ ಭಾಗವನ್ನು ಸಾಬೂನು ನೀರಿನಲ್ಲಿ ತೊಳೆಯಿರಿ.

2. ಅಂಟಿಸಿದ ಸ್ಟಿಕ್ಕರ್ ಇದ್ದರೆ ಬಿಸಿ ನೀರಿನಲ್ಲಿ ಹಿಂಡಿದ ಬಟ್ಟೆ ಸ್ವಲ್ಪ ಹೊತ್ತು ಇಟ್ಟು, ಉಗುರಿನಿಂದ ಎಬ್ಬಿಸಿ. ಉಳಿದ ಅಂಟಿಗೆ ತೆಂಗಿನ ಎಣ್ಣೆ ಹಚ್ಚಿ. ಹಲಸಿನ ಮೇಣ ಕೈಗೆ ಹಿಡಿದರೆ ಎಣ್ಣೆ ಹಚ್ಚುತ್ತೇವಲ್ಲ, ಹಾಗೆಯೇ. ಆಮೇಲೆ ಸಾಬೂನಿನಲ್ಲಿ ಎಣ್ಣೆ ಪೂರ್ತಿ ತೊಳೆಯಿರಿ. ಎಷ್ಟೋ ಸ್ಟಿಕ್ಕುಗಳಲ್ಲಿ ಚಿತ್ರದ ಮೇಲೆ ವಾರ್ನಿಷ್‌ನಂಥ ಪದರ ಇರುತ್ತದೆ. ಅದು ಹೀಗೆ ಏಳುವುದಿಲ್ಲ, ಉಜ್ಜಲೇ ಬೇಕು.

3. 320ರ ಕಾಗದವನ್ನು ನೀರಿನಲ್ಲಿ ನೆನೆಸಿ ಚಪ್ಪಲಿ ತುಂಡಿಗೆ ಸುತ್ತಿ. ಸ್ಟಿಕ್ಕಿನ ಉದ್ದಕ್ಕೆ ಮೆಲ್ಲನೆ ಉಜ್ಜಿ, ಅಡ್ಡಕ್ಕೆ ಉಜ್ಜಬೇಡಿ. ಬರೇ ಬೆರಳಿನಿಂದ ಒತ್ತಿದರೆ ಒಂದೇ ಕಡೆ ಗುಳಿ ಬೀಳುತ್ತದೆ. ಅಂಚುಗಳಲ್ಲಿ ಬಣ್ಣ ತೆಳು, ಅಲ್ಲಿ ಕೈ ಇನ್ನೂ ಹಗುರ ಇರಲಿ.

4. ಆಗಾಗ ಬಟ್ಟೆಯಿಂದ ಒರೆಸಿ, ಬಟ್ಟೆಗೆ ಹತ್ತಿದ ನೀರಿನ ಬಣ್ಣ ನೋಡಿ. ಕೆಂಪು ಬಣ್ಣ ತೆಗೆಯುವಾಗ ನೀರು ಕೆಂಪು. ಕೆಳಗಿನ ಪ್ರೈಮರ್ ಬಂದರೆ ಬೂದು ಅಥವಾ ಬಿಳಿ. ನೀರು ಕಪ್ಪಾದರೆ ಕಾರ್ಬನ್ ತಾಗಿತು ಅಂತ ಅರ್ಥ. ಕೂಡಲೇ ಆ ಜಾಗ ಬಿಡಿ. ಬಣ್ಣವೇ ಕಪ್ಪಾಗಿದ್ದರೆ ಈ ಗುರುತು ಸಿಗುವುದಿಲ್ಲ. ಗಾಜಿನ ಎಳೆಯ ಸ್ಟಿಕ್ಕಾದರೆ ನೀರು ಕಪ್ಪಾಗುವುದೂ ಇಲ್ಲ. ಆಗ ಬೆಳಕಿಗೆ ಹಿಡಿದು ನೋಡಿ. ಚಾಪೆಯ ಹೆಣಿಗೆಯ ಹಾಗೆ ಬಟ್ಟೆಯ ನೇಯ್ಗೆ ಕಾಣಲು ಶುರುವಾದರೆ ಸಾಕು, ನಿಲ್ಲಿಸಿ. ಅಲ್ಲಲ್ಲಿ ಸ್ವಲ್ಪ ಹಳೆ ಬಣ್ಣ ಉಳಿದರೆ ಉಳಿಯಲಿ.

5. 400ರಲ್ಲಿ ಒಮ್ಮೆ, 600ರಲ್ಲಿ ಒಮ್ಮೆ ಉಜ್ಜಿ ನಯ ಮಾಡಿ. ತೊಳೆದು ಒಂದು ದಿನ ನೆರಳಿನಲ್ಲಿ ಒಣಗಿಸಿ.

6. ಈಗ ಒಂದು ಚೂರು ಹತ್ತಿಯನ್ನು ಮೇಲಿನಿಂದ ಕೆಳಗೆ ಸವರಿ. ಹತ್ತಿ ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಎಳೆ ತುಂಡಾಗಿದೆ. ಕೂದಲಿನಂಥ ಗೆರೆ ಕಂಡರೂ ಎಚ್ಚರ. ಆಡುವ ಮೊದಲು ಅನುಭವಸ್ಥ ತರಬೇತುದಾರರಿಗೆ ತೋರಿಸಿ.

7. ಸ್ಟಿಕ್ಕನ್ನು ಬರಿಮೈ ಬಿಡಬೇಡಿ. ಎಪಾಕ್ಸಿ ಬಿಸಿಲಿಗೆ ಹಳದಿಯಾಗಿ ಹಾಳಾಗುತ್ತದೆ. ತೆಳುವಾಗಿ ಎರಡು ಸಲ ಬಣ್ಣ ಅಥವಾ ಪಾರದರ್ಶಕ ಲೇಪ ಕೊಡಿ. ಮೊದಲನೆಯದು ಒಣಗಿದ ಮೇಲೆ ಎರಡನೆಯದು.

ದಪ್ಪಕ್ಕೆ ಬಳಿಯಬೇಡಿ, ಅದಕ್ಕೂ ಕಾರಣವಿದೆ. ಅಂತಾರಾಷ್ಟ್ರೀಯ ನಿಯಮದಂತೆ ಸ್ಟಿಕ್ಕು 737 ಗ್ರಾಂಗಿಂತ ಹೆಚ್ಚು ತೂಗಬಾರದು. ಮೇಲೆ ಸುತ್ತಿದ್ದು, ಬಳಿದದ್ದು ಎಲ್ಲಾ ಸೇರಿ 51 ಮಿಲಿಮೀಟರ್ ಒಳ ಅಗಲದ ಬಳೆಯೊಳಗೆ ಅದು ತೂರಬೇಕು. ಮೇಲ್ಮೈ ನಯವಾಗಿರಬೇಕು, ಒರಟು, ಚೂಪು ಇರಬಾರದು.

ಇವನ್ನು ಮಾಡಲೇಬೇಡಿ

ಕತ್ತಿಯ ಹಿಡಿಯ ಬಣ್ಣ ಸುಡುವ ಹಾಗೆ ಸ್ಟಿಕ್ಕನ್ನು ಒಲೆಗೆ ಹಿಡಿಯಬೇಡಿ. ಬಿಸಿ ಗಾಳಿಯ ಗನ್ ಕೂಡ ಬೇಡ. ಬಿಸಿಗೆ ಎಪಾಕ್ಸಿ ಮೆದುವಾಗಿ ಪದರ ಬಿಡುತ್ತದೆ. ಸುಟ್ಟ ಹೊಗೆ ವಿಷ.

ಪೆಟ್ರೋಲು, ಥಿನ್ನರುಗಳಲ್ಲಿ ನೆನೆಹಾಕಬೇಡಿ. ಅದರ ಆವಿಗೆ ತಲೆ ತಿರುಗುತ್ತದೆ, ಒಂದು ಕಿಡಿ ಸಾಕು ಬೆಂಕಿ ಹಿಡಿಯಲು. ಪೈಂಟ್ ರಿಮೂವರ್ ಅಂತ ಡಬ್ಬಿಯಲ್ಲಿ ಸಿಗುವ ದ್ರವವೂ ಬೇಡ. ಬಣ್ಣ ಕರಗಿಸುವ ಮದ್ದು ಎಪಾಕ್ಸಿಯನ್ನೂ ಮೆದು ಮಾಡಬಲ್ಲದು, ಯಾಕೆಂದರೆ ಎಪಾಕ್ಸಿಯೂ ಬಣ್ಣದ ಜಾತಿಯದ್ದೇ. ಕೆಲವದರಲ್ಲಿ ಡೈಕ್ಲೋರೋಮೀಥೇನ್ ಎಂಬ ವಸ್ತು ಇರುತ್ತದೆ. ಮುಚ್ಚಿದ ಕೋಣೆಯಲ್ಲಿ ಅದರ ಆವಿ ಕುಡಿದು ಜನ ಸತ್ತಿದ್ದಾರೆ. ಅಮೆರಿಕದಲ್ಲಿ 2019ರಲ್ಲಿ ಅದು ಇರುವ ಪೈಂಟ್ ರಿಮೂವರನ್ನು ಮನೆಬಳಕೆಗೆ ಮಾರುವುದನ್ನೇ ನಿಷೇಧಿಸಿದರು.

ಡಬ್ಬಿಯ ಮೇಲಿನ ಬರಹ ಕನ್ನಡದಲ್ಲಿ ಇರ್ಲಿಕ್ಕಿಲ್ಲ. ಆದರೆ ಚಿತ್ರ ಎಲ್ಲರಿಗೂ ಅರ್ಥವಾಗುತ್ತದೆ. ಜ್ವಾಲೆಯ ಗುರುತು ಇದ್ದರೆ ಬೆಂಕಿ ಹಿಡಿಯುವಂಥದ್ದು. ತಲೆಬುರುಡೆ ಇದ್ದರೆ ವಿಷ. ಬರಹ ಅರ್ಥವಾಗದಿದ್ದರೆ ಓದಬಲ್ಲವರಿಂದ ಓದಿಸಿಕೊಳ್ಳಿ. ಅದರಲ್ಲಿ ನಾಚಿಕೆ ಏನೂ ಇಲ್ಲ. ಓದಿಸದೆ ಮುಚ್ಚಳ ತೆಗೆಯುವುದೇ ಅಪಾಯ.

ಧೂಳಿನ ವಿಷಯ

ಒಣಗಿದ ಸ್ಟಿಕ್ಕನ್ನು ಉಜ್ಜಿದರೆ ಕಾರ್ಬನ್, ಗಾಜು, ಬಣ್ಣ ಎಲ್ಲಾ ಸೇರಿದ ನುಣ್ಣನೆಯ ಧೂಳು ಏಳುತ್ತದೆ. ಮೈಗೆ ತಾಗಿದರೆ ತುರಿಕೆ, ಕಣ್ಣಿಗೆ ಉರಿ, ಎದೆಯೊಳಗೆ ಹೋದರೆ ಕೆಮ್ಮು, ಉಸಿರಾಟಕ್ಕೆ ತೊಂದರೆ. ನೀರು ಹಾಕಿ ಉಜ್ಜುವುದು ಅದಕ್ಕೇ. ಧೂಳು ಕೆಸರಾಗಿ ಕೆಳಗೆ ಇಳಿಯುತ್ತದೆ.

ಚಾವಡಿಯಲ್ಲಿ, ಅಡುಗೆಮನೆಯಲ್ಲಿ ಈ ಕೆಲಸ ಬೇಡ. ಅಂಗಳದ ಮೂಲೆಯಲ್ಲಿ ಗಾಳಿಗೆ ಬೆನ್ನು ಹಾಕಿ ಕುಳಿತುಕೊಳ್ಳಿ. ಸಣ್ಣ ಮಕ್ಕಳು, ಗರ್ಭಿಣಿಯರು ಹತ್ತಿರ ಬಾರದಿರಲಿ. ಕಾರ್ಬನ್ ಧೂಳಿನಲ್ಲಿ ವಿದ್ಯುತ್ ಹರಿಯುತ್ತದೆ, ಹಾಗಾಗಿ ಸ್ವಿಚ್ ಬೋರ್ಡಿನ ಹತ್ತಿರವೂ ಬೇಡ. ಕೆಲಸ ಮುಗಿದ ಮೇಲೆ ಮೈ ಉಜ್ಜದೆ ಮೊದಲು ಧಾರಾಳ ನೀರು ಹೊಯ್ದುಕೊಳ್ಳಿ, ಆಮೇಲೆ ಸಾಬೂನು. ಹಾಕಿದ್ದ ಬಟ್ಟೆಯನ್ನು ಮಗುವಿನ ಬಟ್ಟೆಯ ಜೊತೆ ಒಗೆಯಬೇಡಿ. ಕೊಳೆ ನೀರನ್ನು ಬಾವಿಯ ಕಟ್ಟೆಯ ಹತ್ತಿರ, ತೋಡಿಗೆ ಚೆಲ್ಲಬೇಡಿ. ಹಳೆ ಪತ್ರಿಕೆಯ ಮೇಲೆ ಹೊಯ್ದು ಒಣಗಿಸಿ, ಮಡಚಿ ಚೀಲದಲ್ಲಿ ಕಟ್ಟಿಡಿ. ಸುಡಬೇಡಿ. ಹರಿತ ಕರ್ಮಸೇನೆಯವರು ಬಂದಾಗ ಏನು ಅಂತ ತಿಳಿಸಿ, ಅವರು ಹೇಳಿದಂತೆ ಮಾಡಿ.

ಒಂದು ಮಧ್ಯಾಹ್ನದ ತಾಳ್ಮೆಯ ಕೆಲಸ ಇದು. ಬೇಗ ಮುಗಿಸಲು ಹೊರಟರೆ ಸ್ಟಿಕ್ಕೂ ಹಾಳು, ಆರೋಗ್ಯವೂ ಹಾಳು. ಸಾವಕಾಶ ಮಾಡಿದರೆ ಹಳೆ ಸ್ಟಿಕ್ಕು ಇನ್ನೊಂದು ಮಗುವಿಗೆ ಆಡಲು ಸಿಗುತ್ತದೆ.

ಹೊಸ ಪದಗಳು

ಕಾಂಪೊಸಿಟ್: ಹಲವು ವಸ್ತು ಸೇರಿಸಿ ಮಾಡಿದ್ದು.
ಎಪಾಕ್ಸಿ: ಎಳೆಗಳನ್ನು ಹಿಡಿದಿಡುವ ಗಟ್ಟಿ ಅಂಟು.
ಪ್ರೈಮರ್: ಬಣ್ಣಕ್ಕಿಂತ ಮೊದಲು ಹಚ್ಚುವ ಲೇಪ.
ಪಾರದರ್ಶಕ: ಆಚೆಯದು ಕಾಣುವಂಥದ್ದು.

ಓದಿ ಉತ್ತರಿಸಿ

1. 80 ನಂಬರಿನ ಕಾಗದ ಒರಟೋ, 600 ನಂಬರಿನದ್ದೋ?
2. ನೀರು ಕಪ್ಪಾದರೆ ಏನು ಮಾಡಬೇಕು? ಯಾಕೆ?
3. ನಿಮ್ಮ ಮನೆಯಲ್ಲಿರುವ ಒಂದು ಡಬ್ಬಿ ಅಥವಾ ಬಾಟಲಿಯ ಮೇಲೆ ಯಾವ ಎಚ್ಚರಿಕೆಯ ಗುರುತು ಇದೆ? ಮುಚ್ಚಳ ತೆಗೆಯದೆ ನೋಡಿ, ಗುರುತಿನ ಚಿತ್ರ ಬರೆದು ಮುಂದಿನ ತರಗತಿಗೆ ತನ್ನಿ.