ನಿಮಗಿದು ಗೊತ್ತೆ? ಮಾಕುಟ್ಟ ದಾಟಿದರೆ ಗುಂಡಿಗೂ ಲೆಕ್ಕ!

ದೇಶದಲ್ಲಿ ಯಾರೇ ಕೋವಿ ಇಟ್ಟುಕೊಂಡರೂ ಲೈಸೆನ್ಸ್ ಬೇಕು. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಬೇಡ! ಜಮ್ಮಾ ಹಿಡುವಳಿದಾರರು ಯಾವ ಸಮುದಾಯದವರಾದರೂ ಸರಿ. ಜಿಲ್ಲಾಡಳಿತ ಕೊಡುವ ವಿನಾಯಿತಿ ಪತ್ರವಿದ್ದರೆ ಸಾಕು.

ಆದರೆ ಜಿಲ್ಲೆಯ ಗಡಿಯಾಚೆ ಮಿತಿ ಉಂಟು. ಉದಾಹರಣೆಗೆ, ಕೊಡಗಿನ ವಿರಾಜಪೇಟೆಯಿಂದ ಘಾಟಿ ಇಳಿದು, ಮಾಕುಟ್ಟ ಚೆಕ್‌ಪೋಸ್ಟ್ ಕಳೆದು, ಕೂಟುಪುಳ ಸೇತುವೆಯಲ್ಲಿ ಕೇರಳ ಸೇರುವವರ ಬಳಿ ಒಂದು ರೈಫಲ್, ಅದಕ್ಕೆ 100 ಗುಂಡು. ನಯ ನಳಿಗೆಯ (ಸ್ಮೂತ್ ಬೋರ್) ಬಂದೂಕು ಒಂದು, ಅದಕ್ಕೆ 500 ತೋಟಾ. ಅದಕ್ಕಿಂತ ಹೆಚ್ಚು ಇರುವಂತಿಲ್ಲ. ವಿನಾಯಿತಿ ಎಂದರೆ ಮನಬಂದಂತೆ ಎಂದಲ್ಲ. ಈ ಮಾತು ವಿನಾಯಿತಿಯ ಚರ್ಚೆಯಲ್ಲಿ ಮರೆತೇ ಹೋಗುತ್ತದೆ.

ಈ ರಿಯಾಯಿತಿ ಶುರುವಾದದ್ದು 1861ರಲ್ಲಿ, ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ. ಕೋವಿ ಕೊಡವರ ಆಚರಣೆಗಳ ಭಾಗವೂ ಹೌದು. ಕೊಡವರ ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಜೋಡಿ ಗುಂಡು ಹಾರಿಸುವುದು ವಾಡಿಕೆ. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಯ ನಳಿಗೆಗೆ ಕೆಂಪು-ಹಳದಿಯ ‘ತೋಕ್ ಪೂ’ ಹೂವು ಸಿಕ್ಕಿಸಿ ಪೂಜಿಸುತ್ತಾರೆ.

ಹುಟ್ಟಿನ ಆಧಾರದ ಮೇಲೆ ಇಂಥ ಹಕ್ಕು ಸರಿಯೆ? ಪ್ರಶ್ನೆ ಕರ್ನಾಟಕ ಹೈಕೋರ್ಟ್ ಮೆಟ್ಟಿಲೇರಿತು. 2021ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ವಿನಾಯಿತಿಯನ್ನು ಎತ್ತಿಹಿಡಿಯಿತು. ಆದರೆ ಇದು ಶಾಶ್ವತವಲ್ಲ. ಕೇಂದ್ರ ಸರ್ಕಾರ 2019ರಲ್ಲಿ ಕೊಟ್ಟ ಹತ್ತು ವರ್ಷಗಳ ಅವಧಿ 2029ರ ಅಕ್ಟೋಬರ್ 31ಕ್ಕೆ ಮುಗಿಯುತ್ತದೆ.