ಮೂತ್ರಕೋಶದ ಕ್ಯಾನ್ಸರ್

ಮೂತ್ರಕೋಶದ ಕ್ಯಾನ್ಸರ್ ಎಂಬುದು ಕಿಬ್ಬೊಟ್ಟೆಯಲ್ಲಿ ಮೂತ್ರವನ್ನು ಸಂಗ್ರಹಿಸುವ ಚೀಲದಂತಹ ಅಂಗಕ್ಕೆ ತಗಲುವ ಕ್ಯಾನ್ಸರ್. ಇದನ್ನು ಮೂತ್ರಾಶಯದ ಕ್ಯಾನ್ಸರ್ ಎಂದೂ ಕರೆಯುತ್ತಾರೆ. ಇದು ಮೂತ್ರಪಿಂಡದ ಕ್ಯಾನ್ಸರಿಗಿಂತ ಭಿನ್ನವಾದುದು. ಬಹುತೇಕ ರೋಗಿಗಳಲ್ಲಿ ಇದು ಮೂತ್ರಕೋಶದ ಒಳಪದರದಲ್ಲಿ ಆರಂಭವಾಗುತ್ತದೆ. ಸ್ತ್ರೀಯರಿಗಿಂತ ಪುರುಷರಲ್ಲಿ, ಅದರಲ್ಲೂ 55 ವರ್ಷ ದಾಟಿದವರಲ್ಲಿ ಹೆಚ್ಚಾಗಿ ಕಾಣಿಸುತ್ತದೆ.

ಲಕ್ಷಣಗಳು

ನೋವಿಲ್ಲದೆ ಮೂತ್ರದಲ್ಲಿ ರಕ್ತ ಹೋಗುವುದು ಇದರ ಮುಖ್ಯ ಲಕ್ಷಣ. ರಕ್ತವು ಒಂದೆರಡು ದಿನ ಕಾಣಿಸಿಕೊಂಡು ತಾನಾಗಿಯೇ ನಿಂತು, ವಾರಗಳ ಅಥವಾ ತಿಂಗಳುಗಳ ನಂತರ ಮರುಕಳಿಸಬಹುದು. ಇದನ್ನು ‘ಉಷ್ಣ’ವೆಂದು ಭಾವಿಸಿ ಎಳನೀರು, ಬಾರ್ಲಿ ನೀರು ಕುಡಿದು ಸುಮ್ಮನಾಗುವವರುಂಟು. ರಕ್ತ ನಿಂತಾಗ ಮನೆಮದ್ದು ಫಲಿಸಿತೆಂಬ ಭಾವನೆ ಮೂಡುತ್ತದೆ. ಒಳಗೆ ಗಡ್ಡೆ ಬೆಳೆಯುತ್ತಲೇ ಇರಬಹುದು. ಕಲ್ಲು ಮತ್ತು ಸೋಂಕಿನಿಂದಲೂ ರಕ್ತ ಬರುವುದರಿಂದ ಪರೀಕ್ಷೆಯಿಲ್ಲದೆ ಕಾರಣವನ್ನು ನಿರ್ಧರಿಸಲಾಗದು.

ಕಾರಣಗಳು

ಬೀಡಿ, ಸಿಗರೇಟು ಸೇವನೆಯು ಪ್ರಮುಖ ಕಾರಣ. ಹೊಗೆಯ ವಿಷವಸ್ತುಗಳು ರಕ್ತದ ಮೂಲಕ ಮೂತ್ರವನ್ನು ಸೇರಿ ಒಳಪದರವನ್ನು ಹಾನಿಗೊಳಿಸುತ್ತವೆ. ಬಣ್ಣದ ಕಾರ್ಖಾನೆಯ ಕಾರ್ಮಿಕರಲ್ಲಿ ಈ ರೋಗವಿರುವುದನ್ನು ಜರ್ಮನಿಯ ವೈದ್ಯ ಲುಡ್ವಿಗ್ ರೆನ್ 1895ರಲ್ಲಿ ವರದಿ ಮಾಡಿದರು.

ರೋಗನಿರ್ಣಯ

ಮೂತ್ರ ಪರೀಕ್ಷೆ ಮತ್ತು ಸ್ಕ್ಯಾನಿಂಗ್ ನಂತರ, ಮೂತ್ರನಾಳದ ಮೂಲಕ ಸಣ್ಣ ದರ್ಶಕವನ್ನು ತೂರಿಸಿ ನೋಡುವ ಸಿಸ್ಟೊಸ್ಕೋಪಿಯನ್ನು ಮಾಡಲಾಗುತ್ತದೆ. ಗಡ್ಡೆಯನ್ನು ಕೆರೆದು ತೆಗೆದು ಬಯಾಪ್ಸಿಗೆ ಕಳುಹಿಸುತ್ತಾರೆ. ರೋಗವು ಮೂತ್ರಕೋಶದ ಸ್ನಾಯುವನ್ನು ಹೊಕ್ಕಿದೆಯೇ ಎಂಬುದು ವರದಿಯಲ್ಲಿ ರೋಗಿಯು ಕೇಳಿ ತಿಳಿಯಬೇಕಾದ ಮುಖ್ಯ ಅಂಶ. ಚಿಕಿತ್ಸೆಯು ಅದನ್ನೇ ಅವಲಂಬಿಸಿದೆ.

ಚಿಕಿತ್ಸೆ

ಸ್ನಾಯುವನ್ನು ಹೊಕ್ಕದಿದ್ದರೆ ಗಡ್ಡೆ ತೆಗೆದ ಬಳಿಕ ಅಗತ್ಯವಿದ್ದವರಿಗೆ ಮೂತ್ರಕೋಶದೊಳಗೆ ಔಷಧ ಅಥವಾ ಬಿಸಿಜಿ ನೀಡುತ್ತಾರೆ. ಕ್ಷಯರೋಗದ ಲಸಿಕೆಯಾದ ಬಿಸಿಜಿಯು ದೇಹದ ರೋಗನಿರೋಧಕ ಶಕ್ತಿಯನ್ನು ಗಡ್ಡೆಯ ವಿರುದ್ಧ ಪ್ರಚೋದಿಸುತ್ತದೆ. ಈ ವಿಧಾನದ ಯಶಸ್ಸನ್ನು ಅಲ್ವಾರೊ ಮೊರಾಲೆಸ್ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದರು. ಸಾಮಾನ್ಯವಾಗಿ ಮೊದಲು ವಾರಕ್ಕೊಮ್ಮೆಯಂತೆ 6 ವಾರ ಕೊಡಲಾಗುತ್ತದೆ. ಸ್ನಾಯುವನ್ನು ಹೊಕ್ಕಿದ್ದರೆ ಕಿಮೊಥೆರಪಿಯೊಂದಿಗೆ ಮೂತ್ರಕೋಶವನ್ನೇ ತೆಗೆಯಬೇಕಾಗಬಹುದು. ಕೆಲವರಿಗೆ ವಿಕಿರಣ ಚಿಕಿತ್ಸೆ ಹೊಂದುತ್ತದೆ. ಅಂಗವನ್ನು ತೆಗೆದಾಗ ಕರುಳಿನ ತುಂಡಿನಿಂದ ಮೂತ್ರಕ್ಕೆ ಹೊಸ ಮಾರ್ಗ ರಚಿಸುತ್ತಾರೆ.

ನಂತರದ ತಪಾಸಣೆ

ಗಡ್ಡೆ ತೆಗೆದ ಮೇಲೂ ಈ ರೋಗ ಮರುಕಳಿಸುವುದು ಸಾಮಾನ್ಯ. ಆದುದರಿಂದ ಮೂತ್ರಕೋಶ ಉಳಿದವರಲ್ಲಿ ಸಾಮಾನ್ಯವಾಗಿ 3 ತಿಂಗಳಿಗೆ ಮೊದಲ ಸಿಸ್ಟೊಸ್ಕೋಪಿ ಮಾಡಿ, ವರ್ಷಗಳವರೆಗೆ ನಿಗಾ ಇಡುತ್ತಾರೆ. ಆರೋಗ್ಯವಾಗಿದ್ದೇನೆಂದು ತಪಾಸಣೆಯನ್ನು ಕೈಬಿಡುವುದು ಅಪಾಯಕರ.

ಕರ್ನಾಟಕದಲ್ಲಿ ಸೌಲಭ್ಯ

ಬೆಳ್ಳಾವಿ, ಗುಬ್ಬಿ, ಕುಣಿಗಲ್ ಭಾಗದ ರೋಗಿಗಳಿಗೆ ತುಮಕೂರಿನ ಜಿಲ್ಲಾ ಆಸ್ಪತ್ರೆ ಸಮೀಪದ್ದು. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ ಕ್ಯಾನ್ಸರ್ ಚಿಕಿತ್ಸೆ ದೊರೆಯುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ.