ಜೊಲ್ಲಿನಲ್ಲಿ ಸಕ್ಕರೆಯ ಸುಳಿವು

ದಾವಣಗೆರೆಯಲ್ಲಿ ಬೆಳಗಿನ ಎಂಟು ಗಂಟೆಯೆಂದರೆ ಕಾದ ಹಂಚಿನ ಮೇಲೆ ಬೆಣ್ಣೆ ಕರಗುವ ಹೊತ್ತು. ಆ ಘಮ ರಸ್ತೆ ದಾಟಿ ಬಂದು, ದಂತ ವೈದ್ಯಕೀಯ ಕಾಲೇಜಿನ ಲವಂಗದೆಣ್ಣೆ, ಫಿನಾಯಿಲ್ ವಾಸನೆಯೊಳಗೂ ನುಗ್ಗಿ, ರಾತ್ರಿಯಿಂದ ಏನೂ ತಿನ್ನದೆ ಬೆಂಚಿನಲ್ಲಿ ಕೂತವರ ಹೊಟ್ಟೆ ಕೆಣಕುತ್ತದೆ. ಒಳಗೆ ಡ್ರಿಲ್ಲಿನ ಕೀರಲು ಸದ್ದು. ಜೊಲ್ಲಿನ ಸಕ್ಕರೆ ಅಳೆಯುವ ಈ ಮೂಲೆಯಲ್ಲಿ ಮಾತ್ರ ಯಾರದೂ ಮಾತಿಲ್ಲ.

ಸೆರಗು ಸೊಂಟಕ್ಕೆ ಸಿಕ್ಕಿಸಿದ ನಡುವಯಸ್ಸಿನ ಹೆಂಗಸೊಬ್ಬರು ಬಾಯಿ ಮುಕ್ಕಳಿಸಿ, ತಲೆ ಬಾಗಿಸಿ ಕೂತಿದ್ದಾರೆ. ನುಂಗುವಂತಿಲ್ಲ, ನಾಲಿಗೆ ಆಡಿಸುವಂತಿಲ್ಲ. ತಾನಾಗಿ ಊರಿದ ಜೊಲ್ಲು ಕೆಳದುಟಿಯಿಂದ ಎಳೆಯಾಗಿ ಇಳಿದು, ಗೆರೆ ಹಾಕಿದ ಕೊಳವೆಗೆ ಬೀಳಬೇಕು. ಎಂಜಲೆಂದರೆ ಮೈಲಿಗೆ ಎಂದೇ ಬೆಳೆದವರಿಗೆ ನಾಲ್ಕು ಜನರೆದುರು ಇದು ಸಂಕೋಚದ ಕೆಲಸ. ಶುಗರ್ ಇದ್ದವರ ಬಾಯಿ ಒಣಗುವುದೂ ಹೆಚ್ಚು. “ನಿಧಾನಕ್ಕೆ ಆಗ್ಲಿ ಅಮ್ಮ” ಎನ್ನುತ್ತಾ ಬಿಳಿ ಕೋಟಿನ ಹುಡುಗಿ ತುಂಬಿದ ಕೊಳವೆಗಳನ್ನು ಮಂಜುಗಡ್ಡೆಯೊಳಗೆ ಇಳಿಸುತ್ತಾಳೆ. ತಡವಾದರೆ ಬಾಯಿಯ ಬ್ಯಾಕ್ಟೀರಿಯಾಗಳೇ ಇರುವಷ್ಟು ಸಕ್ಕರೆಯನ್ನು ತಿಂದುಬಿಡುತ್ತವೆ.

ಆಮೇಲೆ ಸೆಂಟ್ರಿಫ್ಯೂಜ್ ಗುಂಯ್‌ಗುಟ್ಟುತ್ತಾ ತಿರುಗಿ, ಲೋಳೆಯೆಲ್ಲ ತಳ ಸೇರಿ, ಮೇಲೆ ತಿಳಿ ನಿಲ್ಲುತ್ತದೆ. ಅದಕ್ಕೆ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವಿರುವ ದ್ರಾವಣ ಬೆರೆಸಿದರೆ ಗುಲಾಬಿ ಮೂಡಬೇಕು. ರಕ್ತದ ಮಾದರಿಯಲ್ಲಿ ಢಾಳಾಗಿ ಏರುವ ಆ ಬಣ್ಣ ಇಲ್ಲಿ ಬೆಳಕಿಗೆ ಹಿಡಿದರೂ ಇದೆಯೋ ಇಲ್ಲವೋ ಎನ್ನುವಷ್ಟು ತೆಳು. ಖಾಲಿ ಹೊಟ್ಟೆಯ ರಕ್ತದಲ್ಲಿ ಡೆಸಿಲೀಟರಿಗೆ 126 ಮಿಲಿಗ್ರಾಂ ಮುಟ್ಟಿದರೆ ಮಧುಮೇಹದ ಗೆರೆ. ಜೊಲ್ಲಿನಲ್ಲಿ ಇರುವುದು ಅದರ ಸುಮಾರು 100ರಲ್ಲಿ ಒಂದು ಪಾಲು. ಹಲ್ಲಿನ ಸಂದಿಯ ಅನ್ನದ ಅಗುಳು, ಒಸಡಿನಿಂದ ಜಿನುಗಿದ ರಕ್ತ, ಯಾವುದು ಬೆರೆತರೂ ಲೆಕ್ಕ ತಪ್ಪಿತು.

ಇದೇ ಕಿಣ್ವವನ್ನು ಟ್ರಾನ್ಸಿಸ್ಟರಿನೊಳಗೆ ಕೂರಿಸಿ, ಜೊಲ್ಲು ಮುಟ್ಟಿಸುವ ಪಟ್ಟಿಗಳನ್ನು ಮುದ್ರಣ ಯಂತ್ರದಲ್ಲೇ ಅಚ್ಚು ಹಾಕಲು ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಪಾಲ್ ದಸ್ತೂರ್ ತಂಡ ಹೊರಟಿದ್ದು 2021ರಲ್ಲಿ ದೊಡ್ಡ ಸುದ್ದಿಯಾಗಿತ್ತು. ದಿನಕ್ಕೆ ನಾಲ್ಕಾರು ಸಲ ಬೆರಳು ಚುಚ್ಚಿಸಿಕೊಳ್ಳುವ ಮಕ್ಕಳನ್ನು ನೋಡಿದವರಿಗೆ ಅದರ ಬೆಲೆ ಬಿಡಿಸಿ ಹೇಳಬೇಕಿಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಅಂದಾಜಿನಂತೆ ನಮ್ಮ ದೇಶದ ಮಧುಮೇಹಿಗಳು 10.1 ಕೋಟಿ. ಜೊಲ್ಲೇ ಕೊನೆಯ ತೀರ್ಪು ಕೊಡಬೇಕೆಂದೇನೂ ಇಲ್ಲ. ಹಳ್ಳಿಯ ಶಿಬಿರದಲ್ಲಿ ಯಾರನ್ನು ರಕ್ತಪರೀಕ್ಷೆಗೆ ಕಳಿಸಬೇಕೆಂದು ತಿಳಿಸಿದರೂ ದೊಡ್ಡ ಉಪಕಾರ.

ಆದರೆ ಈ ಕಾಲೇಜಿನಲ್ಲಿ ಜೊಲ್ಲು ಕೊಟ್ಟವರೆಲ್ಲ ರಕ್ತ ಕೊಡಲು ಪಕ್ಕದ ಮೇಜಿಗೂ ಹೋಗಬೇಕು. ಅದೇ ಹೊತ್ತಿನ ರಕ್ತದೊಂದಿಗೆ ತಾಳೆ ನೋಡದೆ ಜೊಲ್ಲಿನ ಅಂಕಿಯನ್ನು ನಂಬುವಂತಿಲ್ಲ. ಹೆಂಗಸು ಮುಖ ಆಚೆ ತಿರುಗಿಸಿ ತೋಳು ಚಾಚುತ್ತಾರೆ.

“ಮುಂದಿನ ಸರ್ತೀನೂ ಸೂಜಿ ಚುಚ್ತೀರೇನವ್ವಾ?”

“ಸದ್ಯಕ್ಕೆ ಹೂಂ ಅಮ್ಮ” ಎನ್ನುತ್ತಾ ಹುಡುಗಿ ಹತ್ತಿ ಒತ್ತುತ್ತಾಳೆ.